ಕೀಲಿನೊಳಗಣ ಬೆಸುಗೆ

ಮುರಿದ ಎಲುಬು ಕೂಡಿಕೊಳ್ಳುವುದುಂಟು, ಸೀಳಿದ ಚರ್ಮ ಮಾಯುವುದುಂಟು. ಆದರೆ ಮೊಣಕಾಲಿನ ಎಲುಬುಗಳ ತುದಿಯಲ್ಲಿ ಎರಡು ಮೂರು ಮಿಲಿಮೀಟರ್ ದಪ್ಪದ ನುಣುಪಾದ ಹೊದಿಕೆಯಾಗಿ ನೆಲೆಸಿ, ಆಜೀವಪರ್ಯಂತ ನಮ್ಮ ಭಾರವನ್ನು ತಾಳುವ ಮೃದ್ವಸ್ಥಿಯು ಒಮ್ಮೆ ನಷ್ಟವಾದರೆ ಪೂರ್ವಸ್ಥಿತಿಗೆ ಮರಳದೆಂಬುದನ್ನು ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ವಿಲಿಯಂ ಹಂಟರನು 1743ರಷ್ಟು ಹಿಂದೆಯೇ ಬರೆದಿಟ್ಟಿದ್ದನು. ಅದರಲ್ಲಿ ರಕ್ತನಾಳಗಳಿಲ್ಲ, ನರಗಳಿಲ್ಲ. ಬಹುಪಾಲು ನೀರು, ಆ ನೀರನ್ನು ಹಿಡಿದಿಟ್ಟ ಶರ್ಕರಸರಪಳಿಗಳ ಹಾಗೂ ಕೊಲಾಜೆನ್ ತಂತುಗಳ ಜಾಲ, ನಡುನಡುವೆ ವಿರಳವಾಗಿ ಹುದುಗಿದ ಜೀವಕೋಶಗಳು, ಇಷ್ಟೇ.

1994ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಬ್ರಿಟ್‌ಬರ್ಗ್, ಪೀಟರ್‌ಸನ್ ಮೊದಲಾದ ವೈದ್ಯರು ರೋಗಿಯ ಸ್ವಂತ ಮೃದ್ವಸ್ಥಿಯ ಕೋಶಗಳನ್ನೇ ಹೊರಗೆ ಬೆಳೆಸಿ, ಮಂಡಿಯ ಕುಳಿಯಲ್ಲಿ ತುಂಬಿ, 23 ಮಂದಿಯಲ್ಲಿ ಕಂಡ ಫಲವನ್ನು ಪ್ರಕಟಿಸಿದಾಗ ಹೊಸ ದಾರಿಯೊಂದು ತೆರೆಯಿತು. ಆದರೂ ಕುಳಿಯನ್ನು ತುಂಬುವುದು ಬೇರೆ, ತುಂಬಿದುದು ಅಂಚಿಗೆ ಬೆಸೆದುಕೊಳ್ಳುವುದು ಬೇರೆ. ಮಾವಿನ ಕಸಿ ಕೂಡುವುದು ಎರಡು ಕಾಂಡಗಳ ಅಂಚಿನ ಜೀವಂತ ಕೋಶಗಳು ಬೆಳೆದು ಒಂದಕ್ಕೊಂದು ಬೆಸೆಯುವುದರಿಂದ. ರಕ್ತವೇ ಹರಿಯದ ಈ ಊತಕದಲ್ಲಿಯಾದರೋ, ಶಸ್ತ್ರ ತಗುಲಿದ ಅಂಚಿನ ಕೋಶಗಳು ಸತ್ತು, ಹಳತಿಗೂ ಹೊಸತಿಗೂ ನಡುವೆ ಸಂದು ಉಳಿದು, ನಡೆದಾಗಲೆಲ್ಲ ಅಲ್ಲಿಯೇ ಒತ್ತಡ ಬೀಳುತ್ತದೆ. ಹೊಲಿಗೆ ಹಾಕೋಣವೆಂದರೆ ಸೂಜಿ ತೂರಿದ ರಂಧ್ರವೂ ಮಾಯದ ಗಾಯವೇ. ರಕ್ತದಿಂದ ತೆಗೆದ ಫೈಬ್ರಿನ್ ಅಂಟು ನಿರಪಾಯಕರವಾದರೂ ದುರ್ಬಲ.

ಈ ಸಂದಿಗೆ ಮದ್ದು ಹುಡುಕಿದವರಲ್ಲಿ ಅಮೆರಿಕೆಯ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೆನ್ನಿಫರ್ ಎಲಿಸೀಫ್ ಪ್ರಮುಖರು. ಅವರ ತಂಡವು 2007ರಲ್ಲಿ ಪ್ರಕಟಿಸಿದ ಅಂಟಿನ ಮೂಲದ್ರವ್ಯ ಮೃದ್ವಸ್ಥಿಯಲ್ಲಿಯೇ ಸಹಜವಾಗಿರುವ ಕಾಂಡ್ರಾಯ್ಟಿನ್ ಸಲ್ಫೇಟ್ ಎಂಬ ಶರ್ಕರಸರಪಳಿ. ಅದಕ್ಕೆ ಎರಡು ಬಗೆಯ ರಾಸಾಯನಿಕ ಗುಂಪುಗಳನ್ನು ಕೂಡಿಸಿದರು: ಆಲ್ಡಿಹೈಡ್ ಗುಂಪು ಕುಳಿಯ ಗೋಡೆಯ ಪ್ರೋಟೀನುಗಳನ್ನು ಬಂಧಿಸುತ್ತದೆ, ಮೆಥಾಕ್ರಿಲೇಟ್ ಗುಂಪು ಮೇಲೆ ಸುರಿಯುವ ಹೈಡ್ರೋಜೆಲ್ಲಿನೊಡನೆ, ಎಂದರೆ ನೀರು ಹಿಡಿದಿಟ್ಟ ಜೆಲ್ಲಿನೊಡನೆ, ಬೆರೆತು ಗಟ್ಟಿಯಾಗುತ್ತದೆ. ಶಸ್ತ್ರವೈದ್ಯನು ಕುಳಿಯನ್ನು ಶುಚಿಗೊಳಿಸಿ, ಅಂಟನ್ನು ಲೇಪಿಸಿ, ತಳದ ಎಲುಬಿನಲ್ಲಿ ಸೂಕ್ಷ್ಮರಂಧ್ರಗಳನ್ನು ಕೊರೆದು, ದ್ರವರೂಪದ ಜೆಲ್ಲನ್ನು ತುಂಬಿ ಬೆಳಕು ಹಾಯಿಸಿದರೆ ಅದು ಅಲ್ಲಿಯೇ ಹೆಪ್ಪುಗಟ್ಟುತ್ತದೆ. ರಂಧ್ರಗಳಿಂದ ಮೇಲೇರಿದ ಮಜ್ಜೆಯ ಕೋಶಗಳು ಅದರಲ್ಲಿ ನೆಲೆಗೊಂಡು ಹೊಸ ಊತಕವನ್ನು ಕಟ್ಟತೊಡಗುತ್ತವೆ.

2013ರಲ್ಲಿ ಪ್ರಕಟವಾದ ಮೊದಲ ಮಾನವಪರೀಕ್ಷೆಯಲ್ಲಿ ಈ ವಿಧಾನಕ್ಕೆ ಒಳಗಾದವರು 15 ಮಂದಿ. ಕೇವಲ ರಂಧ್ರಚಿಕಿತ್ಸೆ ಪಡೆದವರು ಮೂವರು. ಆರು ತಿಂಗಳ ತರುವಾಯ ಎಂ.ಆರ್.ಐ. ಚಿತ್ರಗಳಲ್ಲಿ ಜೆಲ್ ಪಡೆದವರ ಕುಳಿಗಳೇ ಹೆಚ್ಚು ತುಂಬಿದ್ದವು. ಫಲ ಆಶಾದಾಯಕ, ಆದರೆ ಸಂಖ್ಯೆ ಅಲ್ಪ, ಅವಧಿ ಅದಕ್ಕಿಂತ ಅಲ್ಪ. ಅಂಟು ತೇವದಲ್ಲಿ ಹಿಡಿಯಬೇಕು, ಕೋಶಗಳನ್ನು ಕೊಲ್ಲಬಾರದು, ಹೊಸ ಊತಕ ಬೆಳೆದಂತೆ ತಾನು ಕರಗಿ ದಾರಿ ಬಿಡಬೇಕು. ಈ ಮೂರೂ ಒಂದೆಡೆ ಕೂಡುವುದು ಸುಲಭವಲ್ಲ.

ಪೆಟ್ಟಿನಿಂದಾದ, ಸುತ್ತಲೂ ಆರೋಗ್ಯವಂತ ಅಂಚುಳ್ಳ ಸಣ್ಣ ಕುಳಿಗೆ ಮಾತ್ರ ಈ ವಿದ್ಯೆ ಅನ್ವಯಿಸುವುದೆಂಬುದನ್ನು ಮಂಡಿನೋವುಳ್ಳ ಓದುಗರು ನೆನಪಿನಲ್ಲಿಡಬೇಕು. ಮುಪ್ಪಿನಲ್ಲಿ ಇಡಿಯಾಗಿ ಸವೆದ ಕೀಲಿನಲ್ಲಿ ಅಂಟು ಹಿಡಿಯಲು ಅಂಚೇ ಉಳಿದಿರುವುದಿಲ್ಲ.