ಶೂನ್ಯ ಬಿಲ್ಲಿನ ಮನೆಯಲ್ಲೂ ಮೀಟರಿನ ಮೇಲೆ ಕಣ್ಣು

ಕರ್ನಾಟಕ ಸರ್ಕಾರದ ಗೃಹಜ್ಯೋತಿ ಯೋಜನೆಯಿಂದ ವಿದ್ಯುತ್ ಉಚಿತವಾದ ಮೇಲೂ ಜನರು ಲೈಟು, ಫ್ಯಾನು ಆರಿಸುವುದೇಕೆ?
– ಓದುಗರು, ದುಮ್ಮವಾಡ

ಲಾಭದ ಸಂತೋಷಕ್ಕಿಂತ ಅಷ್ಟೇ ಪ್ರಮಾಣದ ನಷ್ಟದ ನೋವು ಮನಸ್ಸಿಗೆ ಹೆಚ್ಚು ತಟ್ಟುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೋಸ್ ಟ್ವರ್‌ಸ್ಕಿ 1979ರಲ್ಲಿ ವಿವರಿಸಿದರು. ಈ ಪ್ರವೃತ್ತಿಯನ್ನು ನಷ್ಟಭೀತಿ ಎನ್ನಬಹುದು. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯು ಆಯಾ ಮನೆಯ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಮಿತಿಯನ್ನು ಗೊತ್ತುಪಡಿಸಿತು. ಅದನ್ನು ಮೀರಿದರೆ ಹೆಚ್ಚುವರಿ ಯೂನಿಟ್ಟುಗಳಿಗಷ್ಟೇ ಹಣ, 200 ಯೂನಿಟ್ ದಾಟಿದರೆ ವಿದ್ಯುತ್ ಕಂಪನಿ ಹೆಸ್ಕಾಂನ ಇಡೀ ಬಿಲ್ಲನ್ನೇ ಕಟ್ಟಬೇಕು. ಖಾಲಿ ಕೊಡ ಹೊತ್ತವರಿಗಿಲ್ಲದ ಎಚ್ಚರ ತುಂಬಿದ ಕೊಡ ಹೊತ್ತವರ ಹೆಜ್ಜೆಗೆ ಬರುವಂತೆ, ಕೈಸೇರಿದ ಶೂನ್ಯ ಬಿಲ್ಲು ಜಾರೀತೆಂಬ ಅಳುಕು ಕೈಯನ್ನು ಸ್ವಿಚ್ಚಿನತ್ತ ಒಯ್ಯುತ್ತದೆ. ಮಿತಿಗಿಂತ ಬಹಳ ಕಡಿಮೆ ಬಳಸುವ ಮನೆಗಳಲ್ಲಿ ಈ ಅಳುಕಿಗೆ ಎಡೆಯಿಲ್ಲ. ಅಲ್ಲಿ ಉಳಿಸಲು ಬೇರೆ ಪ್ರೇರಣೆಯೂ ಇಲ್ಲ; ಉಳಿಸಿದ ಯೂನಿಟ್ಟಿಗೆ ಪ್ರತಿಫಲವಿಲ್ಲದಿರುವುದೇ ಯೋಜನೆಯ ನಿಜವಾದ ಕೊರತೆ.