ತಾಂತ್ರಿಕ ದಾಖಲೆಗಳ ಸಾಮೂಹಿಕ ರಚನೆ: ಸಣ್ಣ ಉದ್ದಿಮೆಗಳಿಗೆ ಮಾರ್ಕ್‌ಡೌನ್‌ನ ಉಪಯುಕ್ತತೆ

ಹಣದ ಲೆಕ್ಕಕ್ಕೆ ಇರುವಷ್ಟು ಶಿಸ್ತು ತಾಂತ್ರಿಕ ದಾಖಲೆಗಳಿಗೆ ಇರುವುದು ಅಪರೂಪ. ಕಿರ್ದಿ ಪುಸ್ತಕದಲ್ಲಿ ತಪ್ಪು ಬಿದ್ದ ಅಂಕಿಯನ್ನು ಅಳಿಸುವಂತಿಲ್ಲ. ಅದರ ಮೇಲೆ ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಹಾಕುವುದು ರೂಢಿ. ಆದರೆ ಉತ್ಪಾದನಾ ವಿಧಾನ, ತಪಾಸಣಾ ಪಟ್ಟಿ, ಯಂತ್ರ ನಿರ್ವಹಣೆಯ ಕೈಪಿಡಿ ಮುಂತಾದವು ಹಲವರ ಗಣಕಯಂತ್ರಗಳಲ್ಲಿ ‘ಅಂತಿಮ’, ‘ಅಂತಿಮ 2’, ‘ಹೊಸ ಅಂತಿಮ’ ಎಂಬ ಹೆಸರುಗಳಲ್ಲಿ ಚದುರಿ ಹೋಗಿರುತ್ತವೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಬಿಡಿಭಾಗ ತಯಾರಿಸುವ ಘಟಕವೊಂದಕ್ಕೆ ಗ್ರಾಹಕರು ಶಾಫ್ಟಿನ ಟಾಲರೆನ್ಸನ್ನು 0.05 ಮಿ.ಮೀ.ನಿಂದ 0.02 ಮಿ.ಮೀ.ಗೆ ಇಳಿಸಿ ತಿಳಿಸುತ್ತಾರೆ ಎಂದಿಟ್ಟುಕೊಳ್ಳೋಣ. ಕಚೇರಿಯ ಕಡತ ತಿದ್ದುಪಡಿಯಾಗುತ್ತದೆ; ಲೇತ್ ಯಂತ್ರದ ಬಳಿಯ ಹಾಳೆ ಹಳೆಯದಾಗಿಯೇ ಉಳಿಯುತ್ತದೆ. 500 ಶಾಫ್ಟುಗಳು ತಿರಸ್ಕೃತವಾಗಿ ಹಿಂದಿರುಗಿದರೆ ಕಚ್ಚಾ ಮಾಲು, ಕೂಲಿ, ಸಾಗಣೆ ಎಲ್ಲವೂ ನಷ್ಟದ ಬಾಬ್ತಿಗೆ ಸೇರುತ್ತವೆ. ತಪ್ಪು ಎಲ್ಲಿ ಆಯಿತೆಂದು ತೋರಿಸುವ ದಾಖಲೆಯೂ ಇರುವುದಿಲ್ಲ.

ತಂತ್ರಾಂಶ ಕ್ಷೇತ್ರದವರು ಇದೇ ಸಮಸ್ಯೆಗೆ ಬಹಳ ಹಿಂದೆಯೇ ಪರಿಹಾರ ಹುಡುಕಿದರು. ಅಮೆರಿಕದ ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ, ಓದುಗರೇ ತಿದ್ದಬಹುದಾದ ಪುಟಗಳ ‘ವಿಕಿ’ಯನ್ನು ಆರಂಭಿಸಿದರು. ಇದೇ ತತ್ತ್ವದ ಮೇಲೆ 2001ರಲ್ಲಿ ವಿಕಿಪೀಡಿಯವೂ, 2003ರಲ್ಲಿ ಅದರ ಕನ್ನಡ ಆವೃತ್ತಿಯೂ ಪ್ರಾರಂಭವಾದವು. 2004ರಲ್ಲಿ ಜಾನ್ ಗ್ರೂಬರ್ ಅವರು ಆರನ್ ಸ್ವಾರ್ಟ್ಜ್ ಅವರ ಸಹಕಾರದೊಂದಿಗೆ ‘ಮಾರ್ಕ್‌ಡೌನ್’ ಎಂಬ ಸರಳ ಗುರುತು ಭಾಷೆಯನ್ನು ಹೊರತಂದರು.

ಇದರ ನಿಯಮಗಳು ಕೆಲವೇ. ಸಾಲಿನ ಆರಂಭದಲ್ಲಿ ‘#’ ಚಿಹ್ನೆಯನ್ನಿಟ್ಟು ಒಂದು ಸ್ಥಳ ಬಿಟ್ಟು ಬರೆದರೆ ಅದು ಶೀರ್ಷಿಕೆ. ‘##’ ಇಟ್ಟರೆ ಉಪಶೀರ್ಷಿಕೆ. ಪದದ ಎರಡೂ ಬದಿಗೆ ‘**’ ಇಟ್ಟರೆ ಅದು ದಪ್ಪ ಅಕ್ಷರವಾಗುತ್ತದೆ. ‘-’ ಚಿಹ್ನೆಯಿಂದ ಪಟ್ಟಿಯೂ, ‘1.’ ಎಂದು ಆರಂಭಿಸಿದರೆ ಕ್ರಮಸಂಖ್ಯೆಯ ಪಟ್ಟಿಯೂ ಸಿದ್ಧವಾಗುತ್ತದೆ. ಹೊಸ ಪ್ಯಾರಾಕ್ಕೆ ನಡುವೆ ಒಂದು ಸಾಲು ಖಾಲಿ ಬಿಡಬೇಕು. ಕಡತವು ಕೇವಲ ಸಾದಾ ಪಠ್ಯವಾದ್ದರಿಂದ ಯಾವ ಗಣಕಯಂತ್ರದಲ್ಲಿಯೂ ತೆರೆಯುತ್ತದೆ. ಅದಕ್ಕಾಗಿ ಪ್ರತ್ಯೇಕ ತಂತ್ರಾಂಶ ಖರೀದಿಸುವ ಅಗತ್ಯವಿಲ್ಲ.

ಸಾದಾ ಪಠ್ಯದ ನಿಜವಾದ ಲಾಭ ತಿದ್ದುಪಡಿಗಳ ಇತಿಹಾಸದಲ್ಲಿದೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ‘ಗಿಟ್’ ಮುಂತಾದ ವ್ಯವಸ್ಥೆಗಳು ಹಳೆಯ ಮತ್ತು ಹೊಸ ಪಾಠಗಳನ್ನು ಸಾಲುಸಾಲಾಗಿ ಹೋಲಿಸಿ ತೋರಿಸುತ್ತವೆ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ದಾಖಲಾಗುತ್ತದೆ. ಏಕೆ ಎಂಬುದನ್ನು ತಿದ್ದಿದವರು ಟಿಪ್ಪಣಿಯಾಗಿ ಸೇರಿಸಬೇಕು. 0.05 ಇದ್ದುದು 0.02 ಆದ ಆ ಒಂದು ಸಾಲು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ.

ಐಎಸ್‌ಒ 9001:2015 ಪ್ರಮಾಣಪತ್ರ ಪಡೆದ ಘಟಕಗಳಿಗೆ ಇದು ಇನ್ನಷ್ಟು ಪ್ರಸ್ತುತ. ದಾಖಲೆಗಳ ಬದಲಾವಣೆ, ವಿತರಣೆ ಮತ್ತು ಸಂರಕ್ಷಣೆಯ ಮೇಲೆ ನಿಯಂತ್ರಣವಿರಬೇಕೆಂದು ಸದರಿ ಮಾನಕದ 7.5ನೇ ಪರಿಚ್ಛೇದ ಹೇಳುತ್ತದೆ. ಲೆಕ್ಕಪತ್ರಗಳ ವಿಷಯದಲ್ಲಿಯೂ, ಲೆಕ್ಕದ ತಂತ್ರಾಂಶ ಬಳಸುವ ಕಂಪನಿಗಳು ಪ್ರತಿಯೊಂದು ತಿದ್ದುಪಡಿಯನ್ನು ದಿನಾಂಕಸಹಿತ ದಾಖಲಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ನಿಯಮ ತಾಂತ್ರಿಕ ದಾಖಲೆಗಳಿಗೆ ಅನ್ವಯಿಸದು; ಆದರೆ ಅದರ ಹಿಂದಿನ ವಿವೇಕ ಎರಡಕ್ಕೂ ಒಂದೇ.

ಕೆಲವು ಮಿತಿಗಳನ್ನೂ ಗಮನಿಸಬೇಕು. ಯಂತ್ರ ಡ್ರಾಯಿಂಗುಗಳಿಗಾಗಲಿ, ದೊಡ್ಡ ಲೆಕ್ಕದ ಕೋಷ್ಟಕಗಳಿಗಾಗಲಿ ಮಾರ್ಕ್‌ಡೌನ್ ಸೂಕ್ತವಲ್ಲ. ಕೋಷ್ಟಕದ ನಿಯಮಗಳು ಮೂಲ ಮಾರ್ಕ್‌ಡೌನ್‌ನಲ್ಲಿ ಇರಲಿಲ್ಲ. ನಂತರ ಸೇರಿದ ಅವು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಬೇರೆಯಾಗಬಹುದು. ಕನ್ನಡದಲ್ಲಿ ಬರೆಯುವವರು ಯೂನಿಕೋಡ್‌ನಲ್ಲಿಯೇ ಬೆರಳಚ್ಚು ಮಾಡಬೇಕು. ಹಳೆಯ ಫಾಂಟುಗಳಲ್ಲಿ ಮಾಡಿದ ಪಠ್ಯ ಸಾದಾ ಕಡತದಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ.

ಅಂತರ್ಜಾಲದಲ್ಲಿ ದಾಖಲೆ ಇರಿಸುವಾಗ ಮೂರು ಎಚ್ಚರಿಕೆಗಳು ಅವಶ್ಯಕ. ಒಂದು, ಖಾತೆಯು ಸಂಸ್ಥೆಯ ಹೆಸರಿನಲ್ಲಿರಬೇಕು. ನೌಕರರ ವೈಯಕ್ತಿಕ ಖಾತೆಯಲ್ಲಿದ್ದರೆ ಅವರು ಕೆಲಸ ಬಿಟ್ಟ ದಿನ ದಾಖಲೆಯೂ ಕೈತಪ್ಪೀತು. ಎರಡು, ಕಡತಗಳು ಸಾರ್ವಜನಿಕರಿಗೆ ತೆರೆದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ವ್ಯಾಪಾರ ರಹಸ್ಯ ಒಮ್ಮೆ ಹೊರಬಿದ್ದರೆ ಹಿಂದಕ್ಕೆ ಬಾರದು. ಮೂರು, ನಿಯತವಾಗಿ ಪ್ರತಿಯೊಂದನ್ನು ಬೇರೆಡೆ ಕಾದಿರಿಸಬೇಕು.

ಎಲ್ಲ ದಾಖಲೆಗಳನ್ನೂ ಒಮ್ಮೆಗೇ ಬದಲಿಸುವುದು ಬೇಡ. ಅತಿ ಹೆಚ್ಚು ತಿದ್ದುಪಡಿಯಾಗುವ ಒಂದು ಸೂಚನಾ ಪತ್ರದಿಂದ ಆರಂಭಿಸುವುದು ಒಳಿತು. ಮೇಲ್ವಿಚಾರಕರು ತಿದ್ದುಪಡಿ ಸೂಚಿಸಲಿ. ಜವಾಬ್ದಾರರೊಬ್ಬರು ಪರಿಶೀಲಿಸಿ ಅನುಮೋದಿಸಲಿ. ಮುದ್ರಿತ ಹಾಳೆಯ ಮೇಲೆ ಆವೃತ್ತಿ ಸಂಖ್ಯೆ ಮತ್ತು ದಿನಾಂಕ ಇರಲಿ. ಹೊಸದನ್ನು ಅಂಟಿಸುವ ಮುನ್ನ ಹಳೆಯದನ್ನು ತೆಗೆಯುವ ಹೊಣೆ ಒಬ್ಬರಿಗೆ ಸೇರಿರಲಿ. ಈ ಕೊನೆಯ ಕೆಲಸವನ್ನು ಯಾವ ತಂತ್ರಾಂಶವೂ ಮಾಡಿಕೊಡುವುದಿಲ್ಲ. ಲೇತ್ ಯಂತ್ರದ ಬಳಿಯ ಹಾಳೆಯೂ ಕಚೇರಿಯ ಕಡತವೂ ಒಂದೇ ಮಾತನ್ನು ಹೇಳಿದಾಗ ಮಾತ್ರ ಈ ವ್ಯವಸ್ಥೆ ಸಾರ್ಥಕವಾಗುತ್ತದೆ.