ತಲೆನೋವಿಗೆ ಕತ್ತರಿ, ವಿಮೆಗೆ ಕಾಗದ

ಹಣೆಯ ಸುಕ್ಕು ತೆಗೆಸಿಕೊಳ್ಳಲು ಬಂದವರು ತಲೆನೋವನ್ನೂ ಕಳೆದುಕೊಂಡು ಹೋದರು. ಇದು ನಡೆದದ್ದು ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ. ಆಪರೇಷನ್ ಆದ ಮೇಲೆ ಮೈಗ್ರೇನ್ ಬಂದೇ ಇಲ್ಲ ಎಂದು ಕೆಲವರು ಹೇಳಿದಾಗ ಪ್ಲಾಸ್ಟಿಕ್ ಸರ್ಜನ್ ಬಹ್ಮನ್ ಗುಯುರಾನ್, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎಂದು ಸುಮ್ಮನಾಗಲಿಲ್ಲ. ತಮ್ಮ 314 ರೋಗಿಗಳ ಲೆಕ್ಕ ತೆಗೆದರು. ಅವರಲ್ಲಿ ಮೈಗ್ರೇನ್ ಇದ್ದವರು 39 ಮಂದಿ. ಆಪರೇಷನ್ ನಂತರ ಅದು ತಗ್ಗಿದ್ದು ಅಥವಾ ಪೂರಾ ನಿಂತದ್ದು 31 ಮಂದಿಗೆ. 2000ದಲ್ಲಿ ಈ ಲೆಕ್ಕ ಪ್ರಕಟವಾದದ್ದೇ ತಡ, ‘ಮೈಗ್ರೇನ್ ಸರ್ಜರಿ’ ಎಂಬ ಮಾತು ಹುಟ್ಟಿತು. ಜಗಳವೂ ಜೊತೆಗೇ ಹುಟ್ಟಿತು.

ಹುಬ್ಬು ಗಂಟಿಕ್ಕಿದಾಗ ಮೂಗಿನ ಮೇಲ್ಗಡೆ ಎರಡು ಗೆರೆ ಮೂಡುತ್ತವಲ್ಲ, ಆ ಗೆರೆ ಮೂಡಿಸುವ ಪುಟ್ಟ ಸ್ನಾಯುವಿನ ನಡುವಿನಿಂದ ಹಣೆಯ ನರ ಹಾದುಹೋಗುತ್ತದೆ. ಸ್ನಾಯು ಹಿಂಡಿದಾಗ ನರ ಕೆರಳುತ್ತದೆ, ಆ ಕೆರಳಿಕೆಯೇ ಮೈಗ್ರೇನಿನ ಕಿಡಿ ಎಂಬುದು ಗುಯುರಾನ್ ಅವರ ವಾದ. ಕಣತಲೆ, ಕತ್ತಿನ ಹಿಂಭಾಗ, ಮೂಗಿನ ಒಳಗೋಡೆಗಳಲ್ಲೂ ಇಂಥ ಇಕ್ಕಟ್ಟಿನ ಜಾಗಗಳಿವೆ. ಹಣೆಯಲ್ಲಾದರೆ ಸ್ನಾಯುವಿನ ತುಣುಕು ತೆಗೆದು ನರಕ್ಕೆ ಜಾಗ ಮಾಡಿಕೊಡುವುದಷ್ಟೇ ಆಪರೇಷನ್. ಮಿದುಳಿನ ತಂಟೆಗೇ ಹೋಗುವುದಿಲ್ಲ.

2009ರಲ್ಲಿ ಅವರ ತಂಡ ಇನ್ನೊಂದು ಪರೀಕ್ಷೆಯ ಫಲ ಮುಂದಿಟ್ಟಿತು. 75 ರೋಗಿಗಳಲ್ಲಿ 49 ಮಂದಿಗೆ ನಿಜವಾದ ಆಪರೇಷನ್. ಉಳಿದ 26 ಮಂದಿಗೆ ಚರ್ಮ ಕೊಯ್ದು, ನರ ಕಾಣುವಂತೆ ಬಿಡಿಸಿ, ಏನನ್ನೂ ತೆಗೆಯದೆ ಹೊಲಿದರು. ತಮಗೆ ಆದದ್ದು ಯಾವುದು ಎಂದು ರೋಗಿಗಳಿಗೆ ತಿಳಿಸಲಿಲ್ಲ. ವರ್ಷ ಕಳೆದಾಗ ಮೊದಲ ಗುಂಪಿನಲ್ಲಿ 28 ಮಂದಿಯ ನೋವು ಪೂರ್ತಿ ಹೋಗಿತ್ತು, ಎರಡನೆಯದರಲ್ಲಿ ಒಬ್ಬರದು ಮಾತ್ರ. ಇಷ್ಟು ಕೇಳಿದರೆ ಯಾರಾದರೂ ಆಪರೇಷನ್ ಟೇಬಲ್ ಹತ್ತಿಯಾರು. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲಿದೆ. ಬರೀ ಕೊಯ್ದು ಹೊಲಿಸಿಕೊಂಡ ಆ 26 ಮಂದಿಯಲ್ಲಿ 15 ಜನರ ತಲೆನೋವು ಅರ್ಧದಷ್ಟಾದರೂ ಇಳಿದಿತ್ತು! ನಂಬಿಕೆಗೂ ಕಾಲಕ್ಕೂ ಇಷ್ಟೊಂದು ಬಗ್ಗುವ ನೋವಿಗೆ ಯಾವ ಮದ್ದು ನಾಟಿತು ಎಂದು ಹೇಳುವುದು ಕಷ್ಟ.

ವೈದ್ಯರೇ ಎರಡು ಬಣವಾದದ್ದು ಇಲ್ಲಿ. ಅಮೆರಿಕದ ತಲೆನೋವು ತಜ್ಞರ ಸಂಘ 2013ರಲ್ಲಿ, ಸಂಶೋಧನೆಯ ಚೌಕಟ್ಟಿನ ಹೊರಗೆ ಈ ಆಪರೇಷನ್ ಸೂಚಿಸಬೇಡಿ ಎಂದಿತು. ಪ್ಲಾಸ್ಟಿಕ್ ಸರ್ಜನ್ನರ ಸಂಘ 2018ರಲ್ಲಿ, ಇದು ಪ್ರಯೋಗದ ಹಂತ ದಾಟಿದೆ ಎಂದಿತು. ಅಲ್ಲಿನ ಹಲವು ವಿಮಾ ಕಂಪನಿಗಳಿಗೆ ಹಿತವಾಗಿ ಕೇಳಿಸಿದ್ದು ಮೊದಲನೆಯ ಮಾತು. ‘ಪ್ರಾಯೋಗಿಕ ಚಿಕಿತ್ಸೆ’ ಎಂಬ ಒಂದೇ ಪದದಿಂದ ಅರ್ಜಿ ವಾಪಸು ಬರುತ್ತದೆ. ರೋಗಿಗೆ ಅಲ್ಲಿ 180 ದಿನಗಳೊಳಗೆ ಮೇಲ್ಮನವಿ ಸಲ್ಲಿಸುವ ಹಕ್ಕಿದೆ; ಅದೂ ಸೋತರೆ ಕಂಪನಿಯ ಹೊರಗಿನ ತಜ್ಞರು ಕಡತ ನೋಡಬೇಕೆಂದು ಕೇಳಬಹುದು.

ನಮ್ಮಲ್ಲಿ ಅರೆತಲೆನೋವೆಂದರೆ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಹಣೆಗೆ ಶುಂಠಿ ತೇದು ಹಚ್ಚಿ, ಕತ್ತಲ ಕೋಣೆಯಲ್ಲಿ ಮಲಗುವುದು. ನಿಮ್ಹಾನ್ಸ್ ತಜ್ಞರು 2009ರಲ್ಲಿ ಶುರುಮಾಡಿ ಬೆಂಗಳೂರು ಮತ್ತು ಸುತ್ತಲ ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಮಾತಾಡಿಸಿದಾಗ, ಹಿಂದಿನ ಒಂದು ವರ್ಷದಲ್ಲಿ ತಲೆನೋವು ಕಂಡವರು ಶೇ 63.9. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್.

ಆದರೆ ಅದನ್ನು ಮೈಗ್ರೇನ್ ಎಂದು ಕರೆಯುವವರು ಕಡಿಮೆ. ‘ನನಗೆ ಸೈನಸ್ ಇದೆ’ ಎನ್ನುವವರೇ ಬಹಳ. ಮುಖ ಭಾರ, ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಮೈಗ್ರೇನಿನಲ್ಲೂ ಇರುತ್ತವೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ತಮಗೆ ಸೈನಸ್ ತಲೆನೋವು ಎಂದುಕೊಂಡಿದ್ದ ಸುಮಾರು ಮೂರು ಸಾವಿರ ಜನರನ್ನು ಪರೀಕ್ಷಿಸಿದ 2004ರ ಅಮೆರಿಕದ ಅಧ್ಯಯನದಲ್ಲಿ ಶೇ 88 ಮಂದಿಗೆ ಇದ್ದದ್ದು ಮೈಗ್ರೇನ್ ಮಾದರಿಯ ನೋವು. ವಿಚಿತ್ರವೆಂದರೆ, ನಮ್ಮ ವಿಮಾ ನಿಯಂತ್ರಣ ಪ್ರಾಧಿಕಾರದ ಆಧುನಿಕ ಚಿಕಿತ್ಸೆಗಳ ಪಟ್ಟಿಯಲ್ಲಿ ಬಲೂನ್ ಇಟ್ಟು ಸೈನಸ್ ದಾರಿ ಅಗಲಿಸುವ ವಿಧಾನವೂ ಇದೆ. ಕಾಯುವ ಅವಧಿ ಮುಗಿದಿದ್ದರೆ ವಿಮೆ ಹಣ ಕೊಟ್ಟೀತು. ನೋವು ಮೈಗ್ರೇನಿನದಾಗಿದ್ದರೆ ಹಣ ಬಂದೂ ಉಪಯೋಗವಿಲ್ಲ.

ಕತ್ತರಿಗೆ ನಿಜಕ್ಕೂ ಜಗ್ಗುವ ನೋವೂ ಒಂದಿದೆ: ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹಲ್ಲುಜ್ಜಿದರೆ, ಗಾಳಿ ಸೋಕಿದರೆ ಮುಖದ ಒಂದು ಪಕ್ಕಕ್ಕೆ ಕರೆಂಟ್ ಹೊಡೆದಂತಾಗುತ್ತದೆ. ಹಲ್ಲಿನ ನೋವೆಂದು ಸರಿಯಿದ್ದ ಹಲ್ಲನ್ನೇ ಕೀಳಿಸಿಕೊಂಡವರಿದ್ದಾರೆ. ಬಹಳ ಸಲ ಕಾರಣ, ಮಿದುಳಿನ ಬುಡದಲ್ಲಿ ನರಕ್ಕೆ ಆತುಕೊಂಡು ನಾಡಿಯ ಪ್ರತಿ ಮಿಡಿತಕ್ಕೂ ಅದನ್ನು ಗುದ್ದುವ ಒಂದು ರಕ್ತನಾಳ. ಕಿವಿಯ ಹಿಂದೆ ತಲೆಬುರುಡೆಯಲ್ಲಿ ಸಣ್ಣ ಕಿಂಡಿ ತೆರೆದು, ಎರಡರ ನಡುವೆ ಟೆಫ್ಲಾನ್ ಚೂರೊಂದನ್ನು ಇಡುತ್ತಾರೆ. ಮಾತ್ರೆಗೆ ಬಗ್ಗದ ರೋಗಿಗಳಿಗೆ ಇದು ದಶಕಗಳಿಂದ ಒಪ್ಪಿತವಾದ ಶಸ್ತ್ರಚಿಕಿತ್ಸೆ. ‘ಪ್ರಾಯೋಗಿಕ’ ಎಂದು ತಳ್ಳಿಹಾಕುವುದು ವಿಮಾ ಕಂಪನಿಗೆ ಸುಲಭವಿಲ್ಲ.

ಹಾಗಾಗಿ ವಿಮೆಯ ಕಡತ ನಿಲ್ಲುವುದು ಬೀಳುವುದು ನೋವಿಗೆ ವೈದ್ಯರು ಬರೆದ ಹೆಸರಿನ ಮೇಲೆ. ಬರೀ ‘ತೀವ್ರ ತಲೆನೋವು’ ಎಂದು ಬರೆಸಿಕೊಂಡು ಸ್ಕ್ಯಾನ್‌ಗೆಂದೇ ಅಡ್ಮಿಟ್ ಆದರೆ, ತಪಾಸಣೆಗಷ್ಟೇ ಸೇರಿದ್ದೀರಿ ಎಂದು ಕ್ಲೇಮ್ ತಿರಸ್ಕರಿಸಬಹುದು; ಭಾರತದ ಪಾಲಿಸಿಗಳಲ್ಲಿ ಆ ಷರತ್ತಿಗೆ 4ನೆಯ ಸಂಖ್ಯೆ. ಸೌಂದರ್ಯ ಮತ್ತು ಪ್ಲಾಸ್ಟಿಕ್ ಸರ್ಜರಿಗೆ 8, ಪುರಾವೆ ಸಾಲದ ಚಿಕಿತ್ಸೆಗೆ 16. ಮೈಗ್ರೇನ್ ಸರ್ಜರಿ ಈ ಕೊನೆಯ ಎರಡಕ್ಕೂ ಸಿಕ್ಕಿಬೀಳಬಹುದು. ಮೈಗ್ರೇನಿಗೆಂದು ಅಡ್ಮಿಟ್ ಆಗದೆ ತೆಗೆದುಕೊಳ್ಳುವ ಬೊಟಾಕ್ಸ್ ಚುಚ್ಚುಮದ್ದಿಗೂ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ. ತಲೆಯಿಂದ ಕತ್ತು, ಭುಜದವರೆಗೆ 31 ಕಡೆ, 12 ವಾರಕ್ಕೊಮ್ಮೆ ಹಾಕಿಸಿಕೊಳ್ಳಬೇಕಾದ ಮದ್ದು ಅದು.

ದುಬಾರಿಯಲ್ಲದ ಒಂದು ಸಾಕ್ಷ್ಯ ಮಾತ್ರ ಎಲ್ಲರ ಅಡುಗೆಮನೆಯಲ್ಲೂ ತೂಗುತ್ತಿರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಆ ಕ್ಯಾಲೆಂಡರಿನಲ್ಲೇ ತಲೆನೋವು ಬಂದ ದಿನಕ್ಕೊಂದು ಸುತ್ತು, ಮಾತ್ರೆ ನುಂಗಿದ ದಿನಕ್ಕೊಂದು ಗೆರೆ ಹಾಕಿದರೆ ಸಾಕು. ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ಸುತ್ತುಗಳು ಬಿದ್ದರೆ ಮಾತ್ರ ನರರೋಗ ತಜ್ಞರು ‘ಕ್ರಾನಿಕ್’ ಎಂಬ ಮಾತಾಡುತ್ತಾರೆ. ಗೆರೆಗಳೂ 15 ದಾಟಿದರೆ ಮಾತ್ರೆಯೇ ತಲೆನೋವು ತರುತ್ತಿರಬಹುದು. ಆಗ ಬೇಕಾದದ್ದು ಆಪರೇಷನ್ ಅಲ್ಲ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರೆ ಬಿಡುವುದು.

ಇಷ್ಟಾದರೂ ಕ್ಲೇಮ್ ತಿರಸ್ಕಾರವಾದರೆ, ಯಾವ ಷರತ್ತಿನ ಅಡಿ ಎಂದು ಬರಹದಲ್ಲಿ ಕೇಳಬೇಕು. ಕಾರಣ ಕೊಡುವುದು ಕಂಪನಿಯ ಹೊಣೆ. ಕಂಪನಿಗೆ ದೂರು ಕೊಟ್ಟ ಮೇಲೂ ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಕರ್ನಾಟಕದವರಿಗೆ ವಿಮಾ ಲೋಕಪಾಲರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. 50 ಲಕ್ಷ ರೂಪಾಯಿವರೆಗಿನ ತಕರಾರು ಅಲ್ಲಿ ಇತ್ಯರ್ಥವಾಗುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಕಂಪನಿ ದೂರನ್ನು ತಳ್ಳಿಹಾಕಿದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಅಲ್ಲಿಗೆ ತಲುಪಿರಬೇಕು.